ಬೊಗಳುವ ನಾಯಿ ಕೇಳುವುದೇನು?

(ಪುಣೆಯ ಬಾಣೇರ್ ಕಡೆಯ ಒಂದು ಸೊಸೈಟಿ. ಹಿರಿಯರು ವಿಜಯಪುರದ ಕಡೆಯವರು, ಸೊಸೈಟಿಯ ಕಮಿಟಿಯಲ್ಲಿದ್ದಾರೆ. ಕಿರಿಯಳು ನಾಯಿಗಳ ನಡವಳಿಕೆಯ ಬಗ್ಗೆ ಓದಿಕೊಂಡವಳು. ಒಮ್ಮೆ ಮಾತಿಗೆ ಸಿಕ್ಕವರನ್ನು ಸುಲಭವಾಗಿ ಬಿಡುವವಳಲ್ಲ.)

ಹಿರಿಯರು: ನೋಡು ತಂಗಿ, ಕಮಿಟಿಗೆ ಬರುವ ದೂರುಗಳಲ್ಲಿ ನೀರಿನ ಟ್ಯಾಂಕರು, ಪಾರ್ಕಿಂಗು ಬಿಟ್ಟರೆ ಈಗ ನಾಯಿಗಳದೇ ಪಾಳಿ. ಮನೆಯೊಳಗೆ ಸೋಫಾದ ಕೆಳಗೆ ಬಿದ್ದುಕೊಂಡಿರುವ ಸಾಧು ಪ್ರಾಣಿ, ಗೇಟು ದಾಟಿ ಇನ್ನೊಂದು ನಾಯಿ ಕಂಡ ಕೂಡಲೇ ಹುಲಿಯಾಗುತ್ತದೆ. ಹಿಡಿದವರನ್ನೇ ಎಳೆದು ಬೀಳಿಸುತ್ತದೆ. ನನ್ನ ಲೆಕ್ಕ ಸರಳ: ಆ ನಾಯಿಗೆ ಯಜಮಾನ ಯಾರು ಎಂದು ಗೊತ್ತಿಲ್ಲ. ಚೈನು ಎರಡು ಸಲ ಜಗ್ಗಿ ಬಿಗಿದರೆ ದಾರಿಗೆ ಬರುತ್ತದೆ. ಅಷ್ಟಕ್ಕೂ ಬೊಗಳುವ ನಾಯಿ ಕಚ್ಚುವುದಿಲ್ಲ ಅಂತ ಗಾದೆಯೇ ಇದೆಯಲ್ಲ.

ಕಿರಿಯಳು: ಗಾದೆಯಿಂದಲೇ ಶುರು ಮಾಡೋಣ ಕಾಕಾ. ಬೊಗಳುತ್ತಿರುವಷ್ಟು ಹೊತ್ತು ಕಚ್ಚುವುದಿಲ್ಲ, ಅಷ್ಟು ನಿಜ. ಆದರೆ ಬೊಗಳುವುದು ಕಚ್ಚುವುದಕ್ಕೆ ಮುಂಚಿನ ಎಚ್ಚರಿಕೆ. ಆ ಕೆಲವು ಸೆಕೆಂಡುಗಳನ್ನು ಹತ್ತಿರದಿಂದ ನೋಡಿದರೆ ಇದು ಗೊತ್ತಾಗುತ್ತದೆ. ಎದುರಿನ ತಿರುವಿನಲ್ಲಿ ಬೇರೊಂದು ನಾಯಿ ಕಾಣಿಸಿಕೊಳ್ಳುತ್ತದೆ. ಅಲ್ಲಿಯವರೆಗೆ ತೆರೆದು ತೇಕುತ್ತಿದ್ದ ಬಾಯಿ ಮುಚ್ಚಿಕೊಳ್ಳುತ್ತದೆ. ಎತ್ತಿದ ಕಾಲು ಒಂದು ಕ್ಷಣ ಹಾಗೇ ನಿಲ್ಲುತ್ತದೆ, ಬಾಲ ಸೆಟೆಯುತ್ತದೆ, ನಾಲಿಗೆ ಒಮ್ಮೆ ತುಟಿ ನೆಕ್ಕಿ ಒಳಗೆ ಹೋಗುತ್ತದೆ. ಮುಖ ಪಕ್ಕಕ್ಕೆ ತಿರುಗಿದರೂ ಕಣ್ಣು ಅತ್ತಲೇ ಇರುತ್ತದೆ, ಬಿಳಿಭಾಗ ಕಾಣುವಷ್ಟು. ಇದಿಷ್ಟೂ ನಡೆಯುವಾಗ ಹಿಡಿದವರ ಕಣ್ಣು ಫೋನಿನಲ್ಲಿ. ಅವರು ತಲೆ ಎತ್ತುವ ಹೊತ್ತಿಗೆ ಎದುರಿನ ನಾಯಿ ಹತ್ತಿರ ಬಂದಿರುತ್ತದೆ. ಗಾಬರಿಯಲ್ಲಿ ಹಗ್ಗವನ್ನು ಅಂಗೈಗೆ ಎರಡು ಸುತ್ತು ಸುತ್ತಿಕೊಳ್ಳುತ್ತಾರೆ. ಕೊರಳು ಬಿಗಿಯುತ್ತದೆ, ಮುಂಗಾಲು ನೆಲ ಬಿಡುತ್ತದೆ, ಆಮೇಲೆ ಬೊಗಳಾಟ. ಎದುರಿನವರು ಹೆದರಿ ತಮ್ಮ ನಾಯಿಯನ್ನು ಎಳೆದುಕೊಂಡು ಸರಿದುಹೋಗುತ್ತಾರೆ. ಈಗ ನಾಯಿಯ ಕಡೆಯಿಂದ ಲೆಕ್ಕ ಹಾಕಿ. ತುಟಿ ನೆಕ್ಕಿದೆ, ಮುಖ ತಿರುಗಿಸಿದೆ, ಯಾರೂ ಗಮನಿಸಲಿಲ್ಲ. ಬೊಗಳಿದೆ, ಆ ನಾಯಿ ದೂರ ಹೋಯಿತು. ನಾಳೆ ಮೊದಲಿನ ಎರಡನ್ನು ಬಿಟ್ಟು ನೇರ ಬೊಗಳುವುದೇ ಜಾಣತನ. ಬೀದಿಯಲ್ಲಿ ಹೀಗೆ ಎಗರುವ ನಾಯಿಗಳಲ್ಲಿ ಹೆಚ್ಚಿನವು ಕೇಳುತ್ತಿರುವುದು ಒಂದೇ: ನನಗೂ ಅದಕ್ಕೂ ನಡುವೆ ಇನ್ನಷ್ಟು ಜಾಗ ಕೊಡಿ. ನನ್ನ ವಾದವೂ ಅಷ್ಟೇ. ಇದು ದೂರದ ಸಮಸ್ಯೆ. ದೂರ ಒದಗಿಸದೆ ಮಾಡಿದ ಯಾವ ಶಿಕ್ಷೆ, ಯಾವ ತರಬೇತಿಯೂ ನಿಲ್ಲುವುದಿಲ್ಲ.

ಹಿರಿಯರು: ಹೆದರಿದ ಪ್ರಾಣಿ ಬಾಲ ಮುದುಡಿಕೊಂಡು ಹಿಂದೆ ಸರಿಯಬೇಕಲ್ಲವೇ? ಇದು ಮುಂದಕ್ಕೆ ನುಗ್ಗುತ್ತದೆ. ಕೆಲವು ಬಾಲವನ್ನೂ ಆಡಿಸುತ್ತವೆ. ಅದನ್ನು ಭಯ ಅಂತ ಹೇಗೆ ಒಪ್ಪುವುದು?

ಕಿರಿಯಳು: ಹಿಂದೆ ಸರಿಯಲು ಹಗ್ಗ ಬಿಡಬೇಕಲ್ಲ. ಓಡಿಹೋಗುವ ದಾರಿ ಮುಚ್ಚಿದಾಗ ಉಳಿಯುವುದು ಎದುರಾಳಿಯನ್ನು ಓಡಿಸುವ ದಾರಿ. ಬಿಟ್ಟ ನಾಯಿಗಳು ಒಂದನ್ನೊಂದು ಹೇಗೆ ಎದುರಾಗುತ್ತವೆ ನೋಡಿ: ಸಾಮಾನ್ಯವಾಗಿ ಮೂಗಿಗೆ ಮೂಗು ಕೊಟ್ಟು ನೇರ ಬರುವುದಿಲ್ಲ. ಬಿಲ್ಲಿನಂತೆ ಬಳಸಿ ಬಂದು, ನೆಲ ಮೂಸಿ, ಪಕ್ಕದಿಂದ ಹತ್ತಿರವಾಗುತ್ತವೆ. ನಮ್ಮ ಫುಟ್‌ಪಾತು ಮತ್ತು ಹಗ್ಗ ಸೇರಿ ಆ ಮರ್ಯಾದೆಯ ಬಳಸುದಾರಿಯನ್ನು ಅಳಿಸಿ, ಎರಡನ್ನೂ ಮುಖಾಮುಖಿ ತಂದು ನಿಲ್ಲಿಸುತ್ತವೆ. ವಾಕಿಂಗಿಗೆ ಬಂದ ನಾಯಿಗಳ ಭೇಟಿಗಳನ್ನು ಗಮನಿಸಿದ ಚೆಕ್ ಸಂಶೋಧಕರು 2011ರಲ್ಲಿ ಬರೆದ ಪ್ರಕಾರ, ಹಗ್ಗದಲ್ಲಿದ್ದ ನಾಯಿಗಳ ನಡುವೆ ಬೆದರಿಕೆಯ ವರ್ತನೆ ಬಿಟ್ಟ ನಾಯಿಗಳಿಗಿಂತ ಸುಮಾರು ಎರಡು ಪಟ್ಟು. ಇನ್ನು ಬಾಲದ ವಿಷಯ. ಇಟಲಿಯ ವಿಜ್ಞಾನಿಗಳು 2007ರಲ್ಲಿ 30 ನಾಯಿಗಳ ಬಾಲದಾಟವನ್ನು ಚಿತ್ರೀಕರಿಸಿ ಅಳೆದರು. ಯಜಮಾನನನ್ನು ಕಂಡಾಗ ಬಾಲ ಬಲಕ್ಕೆ ಹೆಚ್ಚು ವಾಲುತ್ತಿತ್ತು. ಪರಿಚಯವಿಲ್ಲದ ಜೋರಿನ ನಾಯಿಯನ್ನು ಕಂಡಾಗ ಎಡಕ್ಕೆ. ಬರಿಗಣ್ಣಿಗೆ ಈ ವ್ಯತ್ಯಾಸ ಕಾಣುವುದು ಕಷ್ಟ, ಆದರೆ ಬಾಲ ಆಡಿದ್ದೆಲ್ಲ ಸ್ನೇಹ ಅಲ್ಲ ಎಂಬುದಕ್ಕೆ ಸಾಕು.

ಹಿರಿಯರು: ಆ ಚೆಕ್ ಲೆಕ್ಕದಲ್ಲಿ ಒಂದು ತೊಡಕಿದೆ. ಜಗಳಗಂಟ ನಾಯಿಗೇ ಅಲ್ಲವೇ ಜನ ಹಗ್ಗ ಹಾಕುವುದು? ಸಾಧುವನ್ನು ಬಿಟ್ಟುಬಿಡುತ್ತಾರೆ. ಹಾಗಾದರೆ ಹಗ್ಗದಿಂದ ಜಗಳವೋ, ಜಗಳದಿಂದ ಹಗ್ಗವೋ?

ಕಿರಿಯಳು: ಒಳ್ಳೆಯ ಪ್ರಶ್ನೆ, ಆ ಅಂಕಿಯೊಂದರಿಂದ ಉತ್ತರ ಸಿಗುವುದಿಲ್ಲ. ಎರಡೂ ಇರಬಹುದು. ನಾನು ಅದನ್ನು ಹಗ್ಗ ಬಿಚ್ಚಿ ಎನ್ನುವುದಕ್ಕೆ ಹೇಳಲಿಲ್ಲ. ಪುಣೆಯ ರಸ್ತೆಯಲ್ಲಿ ಹಗ್ಗ ಬಿಚ್ಚುವುದು ನಾಯಿಯನ್ನು ಟೆಂಪೋದ ಕೆಳಗೆ ತಳ್ಳಿದಂತೆ. ಹಗ್ಗ ಇದ್ದಾಗ ಜಾಗ ಒದಗಿಸುವ ಜವಾಬ್ದಾರಿ ನಾಯಿಯಿಂದ ಮನುಷ್ಯನಿಗೆ ವರ್ಗವಾಗುತ್ತದೆ ಎಂಬುದಷ್ಟೇ ನನ್ನ ಮಾತು. ಮತ್ತೆ, ಎಗರುವುದೆಲ್ಲ ಭಯವೇ ಎಂದೂ ಹೇಳುವುದಿಲ್ಲ. ಕೆಲವು ಎಳೆಯ ನಾಯಿಗಳಿಗೆ ಆಡುವ ಆಸೆ. ಹಗ್ಗ ತಡೆದಾಗ ಆ ಆಸೆಯೇ ರೊಚ್ಚಾಗುತ್ತದೆ. ಇನ್ನು ನಮ್ಮ ಮುಧೋಳದ ನಾಯಿಯ ಕಥೆಯೇ ಬೇರೆ. ಬಾಗಲಕೋಟೆಯ ಕಡೆ ಮುಧೋಳ ಎನ್ನುವುದನ್ನೇ ಇಲ್ಲಿ ಕಾರವಾನ್ ಎನ್ನುತ್ತಾರೆ, ಪಶ್ಚಿಮ ಮಹಾರಾಷ್ಟ್ರದ ಹಳ್ಳಿಗಳಲ್ಲಿ ಮೊಲ ಹಿಡಿಯಲು ಸಾಕಿದ ತಳಿ. ಕಣ್ಣಿಂದ ಬೇಟೆ ಗುರುತಿಸಿ ಓಡುವುದು ಅದರ ರಕ್ತದಲ್ಲಿದೆ. ದೂರದಲ್ಲಿ ಪುಟ್ಟ ಪೊಮೆರೇನಿಯನ್ ಓಡಿದರೆ ಮುಧೋಳ ಬೊಗಳುವುದಿಲ್ಲ. ಸದ್ದಿಲ್ಲದೆ, ಕಣ್ಣು ನೆಟ್ಟು, ಮೈ ತಗ್ಗಿಸುತ್ತದೆ. ಆ ಮೌನ ಬೊಗಳಿಗಿಂತ ಅಪಾಯ. ಮೂರಕ್ಕೂ ಮೊದಲ ಮದ್ದು ದೂರವೇ, ಆದರೆ ಮುಂದಿನ ದಾರಿ ಬೇರೆ. ಇವೆಲ್ಲಕ್ಕೂ ಮೊದಲು ಪಶುವೈದ್ಯರನ್ನು ಕಾಣಬೇಕು. ನಡವಳಿಕೆಯ ತೊಂದರೆಗೆಂದು ತಜ್ಞರ ಬಳಿ ಬರುವ ಪ್ರಾಣಿಗಳಲ್ಲಿ ಕಡಿಮೆಯೆಂದರೂ ಮೂರರಲ್ಲೊಂದಕ್ಕೆ ಯಾವುದೋ ನೋವು ಇರುತ್ತದೆ ಎಂದು ಬ್ರಿಟನ್ನಿನ ಡೇನಿಯಲ್ ಮಿಲ್ಸ್ ಮತ್ತು ಸಂಗಡಿಗರು 2020ರಲ್ಲಿ ಅಂದಾಜಿಸಿದ್ದಾರೆ. ನುಣುಪಾದ ಟೈಲ್ಸ್ ಮೇಲೆ ಜಾರುತ್ತಾ ಬೆಳೆದ, ತೂಕ ಹೆಚ್ಚಾದ ಲ್ಯಾಬ್ರಡಾರಿಗೆ ಸೊಂಟದ ಕೀಲು ನೋಯುತ್ತಿದ್ದರೆ, ಮೈಮೇಲೆ ಹಾರಿಬರುವ ಮರಿಯನ್ನು ಅದು ಹೇಗೆ ಸಹಿಸೀತು?

ಹಿರಿಯರು: ಸರಿ, ಕಾರಣ ಏನೇ ಇರಲಿ. ಚೈನು ಜಗ್ಗಿದರೆ ನಿಲ್ಲುತ್ತದೆ ಎಂಬುದು ಕಣ್ಣಿಗೆ ಕಾಣುವ ಮಾತು. ಟಿವಿಯಲ್ಲಿ ತರಬೇತುದಾರರು ಮಾಡಿ ತೋರಿಸುತ್ತಾರೆ. ಗುಂಪಿಗೆ ಒಬ್ಬ ನಾಯಕ ಇರಬೇಕು, ತೋಳಗಳಲ್ಲೂ ಹಾಗೇ.

ಕಿರಿಯಳು: ತೋಳದ ಕಥೆ ಎಲ್ಲಿಂದ ಬಂತು ಎಂದು ನೋಡಿದರೆ ಅದರ ಬಲ ಎಷ್ಟೆಂದು ತಿಳಿಯುತ್ತದೆ. ರುಡಾಲ್ಫ್ ಶೆಂಕೆಲ್ ಎಂಬವರು ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳನ್ನು ನೋಡಿ 1947ರಲ್ಲಿ ಬರೆದ ಪ್ರಬಂಧ ಅದರ ಮೂಲ. ಅದನ್ನು ಜನಪ್ರಿಯಗೊಳಿಸಿದ್ದು ಡೇವಿಡ್ ಮೆಕ್ ಅವರ 1970ರ ಪುಸ್ತಕ. ಅದೇ ಮೆಕ್ ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ ಕಾಡುತೋಳಗಳನ್ನು ಬೇಸಿಗೆಯ ಮೇಲೆ ಬೇಸಿಗೆ ಗಮನಿಸಿ, 1999ರಲ್ಲಿ ತಮ್ಮ ಮಾತನ್ನೇ ತಿದ್ದಿಕೊಂಡರು: ಅದು ಕಾದಾಡಿ ನಾಯಕನಾದವನ ಗುಂಪಲ್ಲ, ಅಪ್ಪ ಅಮ್ಮ ಮರಿಗಳ ಸಂಸಾರ. ತೋಳಗಳಲ್ಲೇ ನಿಲ್ಲದ ಸಿದ್ಧಾಂತವನ್ನು ನಾಯಿಗೆ ಹಚ್ಚಿ ಕೊರಳು ಬಿಗಿಯುತ್ತಿದ್ದೇವೆ. ಜಗ್ಗಿದಾಗ ನಿಲ್ಲುತ್ತದೆ ಎಂದಿರಿ, ಹೌದು, ಆ ಕ್ಷಣಕ್ಕೆ ನಿಲ್ಲುತ್ತದೆ. ಆದರೆ ನಾಯಿ ಕಲಿತದ್ದು ಏನು? ಬೇರೆ ನಾಯಿ ಕಂಡಾಗಲೆಲ್ಲ ನನ್ನ ಕೊರಳು ನೋಯುತ್ತದೆ ಎಂದು. ಮೊದಲು ಬರಿ ಅನುಮಾನ ಇತ್ತು, ಈಗ ಪುರಾವೆ ಸಿಕ್ಕಿತು. ಅಮೆರಿಕದಲ್ಲಿ ಮೆಘನ್ ಹೆರನ್ ಮತ್ತು ಸಂಗಡಿಗರು 2009ರಲ್ಲಿ 140 ನಾಯಿ ಮಾಲೀಕರನ್ನು ಕೇಳಿದರು, ಯಾವ ಶಿಕ್ಷೆಗೆ ನಾಯಿ ಹೇಗೆ ತಿರುಗಿಬಿತ್ತು ಎಂದು. ಹೊಡೆದವರು, ಒದ್ದವರಲ್ಲಿ ನೂರಕ್ಕೆ 43 ಮಂದಿಗೆ ಆ ಪೆಟ್ಟಿನಿಂದಲೇ ನಾಯಿ ಇನ್ನಷ್ಟು ಕೆರಳಿದ ಅನುಭವ. ಪೋರ್ಚುಗಲ್ಲಿನಲ್ಲಿ 2020ರಲ್ಲಿ 92 ಸಾಕುನಾಯಿಗಳನ್ನು ಹೋಲಿಸಿದಾಗ, ಶಿಕ್ಷೆಯಿಂದ ಕಲಿತವುಗಳ ಜೊಲ್ಲಿನಲ್ಲಿ ಒತ್ತಡದ ಹಾರ್ಮೋನು ಹೆಚ್ಚಿತ್ತು. ಮುಂದಿಟ್ಟ ಬಟ್ಟಲಿನಲ್ಲಿ ತಿನಿಸು ಇದೆಯೋ ಇಲ್ಲವೋ ಎಂಬ ಅನುಮಾನದ ಸ್ಥಿತಿಯಲ್ಲಿ ಅವು ನಿರಾಶೆಯ ಕಡೆಗೇ ವಾಲುತ್ತಿದ್ದವು. ಚೋಕ್ ಚೈನಿನಿಂದ ಗುರುಗುಟ್ಟುವುದನ್ನು ಅಡಗಿಸಬಹುದು, ಒಪ್ಪುತ್ತೇನೆ. ಆಗ ನಿಮ್ಮ ಗಾದೆ ತಿರುಗುಮುರುಗಾಗುತ್ತದೆ: ಬೊಗಳದೆಯೇ ಕಚ್ಚುವ ನಾಯಿ ತಯಾರಾಗುತ್ತದೆ.

ಹಿರಿಯರು: ಹೊಡೆಯಬೇಡಿ ಎಂದೆ, ಸರಿ. ಆದರೆ ಈಗಿನವರು ಜೇಬಿನಲ್ಲಿ ಚಿಕನ್ ತುಂಡು ಇಟ್ಟುಕೊಂಡು ಬೊಗಳಿದ ನಾಯಿಯ ಬಾಯಿಗೇ ಹಾಕುತ್ತಾರಲ್ಲ. ಕೂಗಿದ ಮಗುವಿಗೆ ಚಾಕಲೇಟು ಕೊಟ್ಟು ಕೂಗುವುದನ್ನೇ ಕಲಿಸಿದಂತಾಗಲಿಲ್ಲವೇ?

ಕಿರಿಯಳು: ಬೊಗಳಿದ ಮೇಲೆ ಕೊಟ್ಟರೆ ತಡವಾಯಿತು, ಅದೂ ಬಹುಪಾಲು ನಾಯಿಗಳು ಆ ಹೊತ್ತಿನಲ್ಲಿ ತಿನ್ನುವುದೇ ಇಲ್ಲ. ತಿನ್ನದಿರುವುದೇ ದೂರ ಸಾಲದು ಎಂಬುದರ ಗುರುತು. ಭಯವನ್ನು ತಿನಿಸಿನಿಂದ ಇಳಿಸುವ ಕ್ರಮ ಹೊಸದೂ ಅಲ್ಲ. ಮೇರಿ ಕವರ್ ಜೋನ್ಸ್ 1924ರಲ್ಲಿ ವರದಿ ಮಾಡಿದ ಪೀಟರ್ ಎಂಬ ಮಗುವಿಗೆ ಮೊಲವೆಂದರೆ ನಡುಕ. ಮಗು ಇಷ್ಟದ ತಿಂಡಿ ತಿನ್ನುತ್ತಿರುವಾಗ ಪಂಜರದ ಮೊಲವನ್ನು ಕೋಣೆಯ ದೂರದ ಮೂಲೆಗೆ ತಂದಿಟ್ಟು, ಮಗು ನೆಮ್ಮದಿಯಾಗಿರುವಷ್ಟೇ ಹತ್ತಿರಕ್ಕೆ ದಿನದಿನವೂ ತಂದರು. ಕೊನೆಗೆ ಪೀಟರ್ ಮೊಲವನ್ನು ಮುಟ್ಟಿ ಆಡಿದ. ಅಲ್ಲಿ ತಿಂಡಿ ಲಂಚವಾಗಿರಲಿಲ್ಲ. ಮೊಲ ಬಂದರೆ ಒಳ್ಳೆಯದೇ ಆಗುತ್ತದೆ ಎಂಬ ಹೊಸ ನಂಟನ್ನು ಅದು ಕಟ್ಟಿತು. ನಾಯಿಗೂ ಕ್ರಮ ಅದೇ, ಅನುಕ್ರಮ ತಪ್ಪಬಾರದು ಅಷ್ಟೇ. ಮೊದಲು ಬೇರೆ ನಾಯಿ ಕಾಣಬೇಕು, ನಮ್ಮ ನಾಯಿ ಅದನ್ನು ನೋಡಬೇಕು, ಇನ್ನೂ ಬಾಯಿ ತೆರೆದೇ ಇರುವಷ್ಟು ದೂರದಲ್ಲಿ. ಆಮೇಲೆ ಬೇಯಿಸಿದ ಕೋಳಿಯ, ಇಲ್ಲವೇ ಪನೀರಿನ ಕಡಲೆಕಾಳಿನಷ್ಟು ಚೂರು. ಎದುರಿನ ನಾಯಿ ಮರೆಯಾಗುವವರೆಗೆ ಒಂದರ ಹಿಂದೆ ಒಂದು. ಮರೆಯಾಯಿತೋ, ಜೇಬು ಬಂದ್. ಎದುರಿನ ನಾಯಿ ಕಾಣುವ ಮೊದಲೇ ಚೀಲಕ್ಕೆ ಕೈ ಹಾಕಿದರೆ ನಾಯಿ ಅದನ್ನೇ ಅಪಾಯದ ಮುನ್ಸೂಚನೆ ಎಂದುಕೊಳ್ಳುತ್ತದೆ. ಹಲವರು ಎಡವುವುದು ಇಲ್ಲೇ. ಕೆಲವು ವಾರಗಳ ನಂತರ ನಾಯಿ ಇನ್ನೊಂದು ನಾಯಿಯನ್ನು ಕಂಡು ತಾನಾಗಿ ತಿರುಗಿ ಮಾಲೀಕರ ಮುಖ ನೋಡುತ್ತದೆ. ಆಗ ಎರಡು ಹೆಜ್ಜೆ ಹತ್ತಿರ ಹೋಗಬಹುದು. ಎರಡೇ.

ಹಿರಿಯರು: ಎರಡು ಹೆಜ್ಜೆ! ನಾರಾಯಣ ಪೇಠೆಯಲ್ಲೋ ಕಸಬಾ ಪೇಠೆಯಲ್ಲೋ ಎರಡು ಸ್ಕೂಟರು ಎದುರಾದರೆ ಒಂದು ನಿಲ್ಲಬೇಕು. ನಿನ್ನ ಈ ದೂರ ಎಲ್ಲಿಂದ ತರುವುದು? ವಿದೇಶದ ಪುಸ್ತಕದಲ್ಲಿ ಹುಲ್ಲುಗಾವಲು ಇರುತ್ತದೆ. ಇಲ್ಲಿ ಗೇಟಿನ ಹೊರಗೆ ಕಾಲಿಟ್ಟರೆ ಚಹಾದ ಗಾಡಿ, ಅದರ ಕೆಳಗೆ ಮೂರು ಬೀದಿನಾಯಿ.

ಕಿರಿಯಳು: ಈ ಆಕ್ಷೇಪ ಬಲವಾದದ್ದು ಕಾಕಾ. ನಿಜ ಹೇಳಬೇಕೆಂದರೆ ನಾಯಿ ತರಬೇತಿಯ ಬಹಳಷ್ಟು ಬರವಣಿಗೆ ಇಲ್ಲೇ ಕೈಚೆಲ್ಲುತ್ತದೆ. ಹೆಜ್ಜೆಯಲ್ಲಿ ಸಿಗದ ದೂರವನ್ನು ಹೊತ್ತಿನಲ್ಲಿ ಹುಡುಕಬೇಕು. ಬೆಳಗಿನ ಆರರಿಂದ ಎಂಟು, ಸಂಜೆ ಏಳರಿಂದ ಒಂಬತ್ತು ಎಲ್ಲರೂ ನಾಯಿ ಹಿಡಿದು ಹೊರಬರುವ ಹೊತ್ತು. ಕಷ್ಟದ ನಾಯಿಗೆ ಅದೇ ಕೆಟ್ಟ ಹೊತ್ತು. ಐದಕ್ಕೆ ಎದ್ದರೆ ಅದೇ ರಸ್ತೆ ಬೇರೆ ಊರಾಗಿರುತ್ತದೆ. ಕಣ್ಣಿಗೆ ಮರೆ ಮಾಡುವುದೂ ದೂರವೇ: ಸಾಲಾಗಿ ನಿಲ್ಲಿಸಿದ ಕಾರುಗಳ ಹಿಂದೆ ಸರಿದು ನಿಂತರೆ ಹತ್ತು ಅಡಿ ಮೂವತ್ತಾಗುತ್ತದೆ. ಎದುರಿಗೆ ನಾಯಿ ಕಂಡರೆ ಮಾತಿಲ್ಲದೆ, ಗಾಬರಿಯಿಲ್ಲದೆ ಹಿಂದಿರುಗುವುದನ್ನು ಆಟದಂತೆ ಮೊದಲು ಮನೆಯೊಳಗೇ ಅಭ್ಯಾಸ ಮಾಡಿಸಬೇಕು. ಕೊರಳಪಟ್ಟಿಯ ಬದಲು ಎದೆಗೆ ಹಾಕುವ ಹಾರ್ನೆಸ್ ಇರಲಿ. ನಾಯಿ ಜಗ್ಗಿದಾಗ ಕೊರಳಪಟ್ಟಿಯಿಂದ ಕಣ್ಣಿನ ಒಳಒತ್ತಡ ಏರುತ್ತದೆ, ಹಾರ್ನೆಸ್‌ನಿಂದ ಏರುವುದಿಲ್ಲ ಎಂದು 2006ರಲ್ಲೇ ಅಳೆದು ತೋರಿಸಿದ್ದಾರೆ. ವೇತಾಳ ಟೇಕಡಿ, ತಳಜಾಯಿ ಟೇಕಡಿಗಳು ಇವೆಯಲ್ಲ ಎನ್ನುವವರಿದ್ದಾರೆ. ಬೆಳಗಿನ ಹೊತ್ತು ಅಲ್ಲಿ ಜನಜಾತ್ರೆ, ಹಗ್ಗ ಬಿಚ್ಚಿದ ನಾಯಿಗಳು ಬೇರೆ. ‘ನಮ್ಮದು ಏನೂ ಮಾಡಲ್ಲ’ ಎನ್ನುತ್ತಾ ಓಡಿಬರುವ ಸ್ನೇಹಜೀವಿ ಒಂದೇ ಸಲಕ್ಕೆ ವಾರಗಳ ಕೆಲಸ ಕೆಡಿಸುತ್ತದೆ. ದಿನವೂ ವಾಕಿಂಗು ಆಗಲೇಬೇಕೆಂಬ ಹಟವನ್ನೂ ಬಿಡಬೇಕು. ಒತ್ತಡ ಒಂದರ ಮೇಲೊಂದು ಕೂಡುತ್ತದೆ. ಗಣೇಶೋತ್ಸವಕ್ಕೆ ವಾರಗಟ್ಟಲೆ ಮೊದಲೇ ಮುಠಾ ನದಿಯ ದಂಡೆಯಲ್ಲಿ ಢೋಲ್‌-ತಾಶಾ ಪಥಕಗಳ ತಾಲೀಮು ಶುರುವಾಗುತ್ತದೆ. ಸಂಜೆಯೆಲ್ಲ ಆ ಸದ್ದಿಗೆ ನಡುಗಿದ ನಾಯಿಯನ್ನು ರಾತ್ರಿ ಬೀದಿಗೆ ಕರೆದೊಯ್ದರೆ, ನಿನ್ನೆ ಸಹಿಸಿದ ದೂರವನ್ನು ಇಂದು ಅದು ಸಹಿಸುವುದಿಲ್ಲ. ಅಂಥ ದಿನ ಹಳೆಯ ಟವೆಲಿನ ಮಡಿಕೆಗಳಲ್ಲಿ ತಿನಿಸು ಬಚ್ಚಿಟ್ಟು ಮನೆಯಲ್ಲೇ ಮೂಸಿ ಹುಡುಕಲು ಬಿಟ್ಟರೆ ಬೀದಿಯ ಅರ್ಧ ತಾಸಿಗಿಂತ ಚೆನ್ನಾಗಿ ದಣಿಯುತ್ತದೆ.

ಹಿರಿಯರು: ಬೀದಿನಾಯಿಯ ಮಾತು ತೇಲಿಸಿಬಿಟ್ಟೆ. ಐದು ಗಂಟೆಗೆ ಎದ್ದರೂ ಅವು ಇದ್ದೇ ಇರುತ್ತವೆ, ಹಗ್ಗವಿಲ್ಲದೆ, ಗುಂಪಾಗಿ. ಅಲ್ಲಿ ದೂರ ನಿರ್ಧರಿಸುವುದು ಅವೇ.

ಕಿರಿಯಳು: ತೇಲಿಸಿದ್ದಲ್ಲ, ಅದು ಇಡೀ ವಾದದ ಗಂಟು, ಅದಕ್ಕೇ ಉಳಿಸಿಕೊಂಡೆ. ಬೀದಿನಾಯಿಗಳು ಎಲ್ಲೆಂದರಲ್ಲಿ ಇರುವುದಿಲ್ಲ. ಅವಕ್ಕೆ ಗಡಿಯಿದೆ, ಠಾಣೆಯಿದೆ: ಚಿಕನ್ ಅಂಗಡಿ, ಕಸದ ತಾಣ, ಊಟ ಹಾಕುವವರ ಗೇಟು. ತಮ್ಮ ಗಡಿಯೊಳಗೆ ಹಗ್ಗ ಜಗ್ಗುತ್ತಾ, ಬೊಗಳುತ್ತಾ ಬರುವ ಅಪರಿಚಿತನನ್ನು ಅವು ಕೇಳದೆ ಬಿಡುವುದಿಲ್ಲ. ಗಡಿ ದಾಟುವವರೆಗೆ ಹಿಂದೆ ಬಂದು ನಿಂತುಬಿಡುತ್ತವೆ. ಕಲ್ಲೆತ್ತಿದರೆ ಆ ಗುಂಪು ನಾಳೆಗೆ ವೈರಿ. ನಿಧಾನವಾಗಿ, ದಿಟ್ಟಿಸದೆ, ಬೆನ್ನು ಕೊಟ್ಟು ಓಡದೆ, ರಸ್ತೆಯ ಆಚೆ ಬದಿಗೆ ಸರಿದು ಸಾಗಿದರೆ ಬಹಳಷ್ಟು ಸಲ ಅಷ್ಟಕ್ಕೇ ಮುಗಿಯುತ್ತದೆ. ತೀರಾ ಮೈಮೇಲೆ ಬಂದರೆ ಒಂದು ಮುಷ್ಟಿ ತಿನಿಸನ್ನು ಅವುಗಳ ಮುಂದೆ ಚೆಲ್ಲಿ ತಾನು ಹಿಂದೆ ಸರಿಯಬೇಕು.

ಹಿರಿಯರು: ರಸ್ತೆಯಲ್ಲಿ ಹಾಗೆ ಊಟ ಚೆಲ್ಲುವಂತಿಲ್ಲ ಅಂತ ಸುಪ್ರೀಂ ಕೋರ್ಟೇ ಹೇಳಿದೆಯಲ್ಲ?

ಕಿರಿಯಳು: ಆ ಆದೇಶ ನನ್ನ ವಾದಕ್ಕೆ ಬಲ ಕೊಡುತ್ತದೆ. ದಿಲ್ಲಿಯ ಬೀದಿನಾಯಿಗಳನ್ನೆಲ್ಲ ಹಿಡಿದು ಕೂಡಿಹಾಕಿ ಎಂದು 2025ರ ಆಗಸ್ಟ್ 11ರಂದು ಇಬ್ಬರು ನ್ಯಾಯಮೂರ್ತಿಗಳ ಪೀಠ ಹೇಳಿತ್ತು. ಆಗಸ್ಟ್ 22ರಂದು ಮೂವರ ಪೀಠ ಅದನ್ನು ಬದಲಿಸಿತು: ಸಂತಾನಹರಣ ಮಾಡಿ, ಜಂತುಹುಳದ ಔಷಧಿ ಕೊಟ್ಟು, ಲಸಿಕೆ ಹಾಕಿ ಅದೇ ಜಾಗಕ್ಕೆ ಬಿಡಿ; ರೇಬೀಸ್ ತಗುಲಿದ, ಇಲ್ಲವೇ ತಗುಲಿದ ಶಂಕೆಯಿರುವ, ಆಕ್ರಮಣಕಾರಿಯಾದ ನಾಯಿಗಳನ್ನು ಮಾತ್ರ ಬಿಡಬೇಡಿ; ಊಟಕ್ಕೆ ನಿಗದಿತ ಜಾಗ ಮಾಡಿ, ಬೀದಿಬೀದಿಯಲ್ಲಿ ಹಾಕಬೇಡಿ. ಪ್ರಕರಣಕ್ಕೆ ಎಲ್ಲ ರಾಜ್ಯಗಳನ್ನೂ ಸೇರಿಸಿಕೊಂಡಿತು. ಅದಕ್ಕೂ ಮುಂಚೆ, 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳಲ್ಲೇ ಊಟದ ತಾಣವನ್ನು ಗೊತ್ತುಮಾಡುವ ಹೊಣೆ ನಿವಾಸಿಗಳ ಸಂಘಕ್ಕೆ ಬಂದಿದೆ: ಮಕ್ಕಳ ಆಟದ ಜಾಗ, ಮೆಟ್ಟಿಲು, ಒಳಬರುವ ಹೊರಹೋಗುವ ದಾರಿಗಳಿಂದ ದೂರ, ಹೊತ್ತೂ ನಿಗದಿಯಾಗಿ. ಈಗ ಇದನ್ನು ವಾಕಿಂಗಿನ ಕಣ್ಣಿನಿಂದ ನೋಡಿ. ಸೊಸೈಟಿಯ ಹಿಂಭಾಗದ ಗೋಡೆಯ ಬಳಿ ದಿನವೂ ಒಂದೇ ಹೊತ್ತಿಗೆ ಊಟ ಬಿದ್ದರೆ ಆ ಹೊತ್ತಿಗೆ ಬೀದಿನಾಯಿಗಳೆಲ್ಲ ಅಲ್ಲಿರುತ್ತವೆ. ಮುಂದಿನ ರಸ್ತೆ ಕಷ್ಟದ ನಾಯಿಗೆ ಖಾಲಿಯಾಗಿ ಸಿಗುತ್ತದೆ. ಅದೇ, ನಾಲ್ಕು ಮಂದಿ ನಾಲ್ಕು ಹೊತ್ತಿಗೆ ಮುಖ್ಯ ಗೇಟಿನಲ್ಲೇ ಬಿಸ್ಕತ್ತು ಹಾಕಿದರೆ ಮನೆಯ ನಾಯಿ ದಿನಕ್ಕೆ ಎರಡು ಸಲ ಕಾವಲು ಪಡೆಯ ನಡುವೆ ನುಸುಳಿ ಹೋಗಬೇಕು. ಮುಷ್ಟಿ ತಿನಿಸು ಚೆಲ್ಲುವುದು ಆಪತ್ಕಾಲಕ್ಕೆ. ಊಟದ ವೇಳಾಪಟ್ಟಿ ಸರಿಯಿದ್ದಲ್ಲಿ ಆ ಆಪತ್ತು ಅಪರೂಪ.

ಹಿರಿಯರು: ಇಲ್ಲಿಗೆ ಬಂದೆಯಾ! ಕೊನೆಗೆ ಎಲ್ಲ ಭಾರ ಕಮಿಟಿಯ ತಲೆಗೆ. ನಾಯಿ ಅವರದು, ಸಂತೋಷ ಅವರದು, ಹೊಂದಿಕೊಳ್ಳುವವರು ಮಾತ್ರ ನಾಯಿಯೇ ಇಲ್ಲದ ನಾವು. ಇದಕ್ಕಿಂತ ಕೆಲವು ತಳಿ ಬೇಡ ಎಂದು ನಿಯಮ ಮಾಡಿದರೆ ಮುಗಿಯಿತಲ್ಲ.

ಕಿರಿಯಳು: ತಳಿಯ ಮಾತು ಬೇಗ ಮುಗಿಸುತ್ತೇನೆ. ಕೇಂದ್ರ ಸರ್ಕಾರ 2024ರ ಮಾರ್ಚ್ 12ರ ಸುತ್ತೋಲೆಯಲ್ಲಿ 23 ತಳಿಗಳನ್ನು ಉಗ್ರ ಎಂದು ಹೆಸರಿಸಿ ನಿಷೇಧಿಸಲು ಹೊರಟಿತ್ತು. ಸಂಬಂಧಪಟ್ಟವರನ್ನು ಕೇಳದೆಯೇ ಮಾಡಿದ್ದೆಂದು ಕರ್ನಾಟಕ ಹೈಕೋರ್ಟ್ ಏಪ್ರಿಲ್ 10ರಂದು ಅದನ್ನು ರದ್ದುಮಾಡಿತು. ನಿಮ್ಮ ದೂರಿನ ಪುಸ್ತಕದಲ್ಲಿ ಬೊಗಳಾಟಕ್ಕೆ ಹೆಸರಾದವು ಬೀಗಲ್, ಪೊಮೆರೇನಿಯನ್, ಲ್ಯಾಬ್ರಡಾರ್ ಇದ್ದಾವು. ಆ ಪಟ್ಟಿಯಲ್ಲಿ ಅವು ಯಾವುವೂ ಇರಲಿಲ್ಲ. ತಳಿಗಿಂತ ಮರಿ ಬೆಳೆದ ರೀತಿ ಹೆಚ್ಚಿನದು. ಬೇರೆ ನಾಯಿಗಳ ಜೊತೆ ಹೊಂದಿಕೊಳ್ಳುವುದನ್ನು ಮರಿ ಸುಲಭವಾಗಿ ಕಲಿಯುವುದು ಮೂರನೇ ವಾರದಿಂದ ಸುಮಾರು ಹನ್ನೆರಡು, ಹದಿನಾಲ್ಕನೇ ವಾರದವರೆಗೆ. 2017ರ ನಿಯಮದ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ, ಆದರೂ ತಿಂಗಳು ತುಂಬಿದ ಮರಿಯನ್ನು ತಾಯಿ, ಒಡಹುಟ್ಟುಗಳಿಂದ ಬಿಡಿಸಿ ತರುವವರಿದ್ದಾರೆ. ಆಮೇಲೆ ಲಸಿಕೆ ಮುಗಿಯುವವರೆಗೆ ಎಂಟನೇ ಮಹಡಿಯಿಂದ ಕೆಳಗಿಳಿಸುವುದಿಲ್ಲ. ಪಾರ್ವೊ ರೋಗದ ಭಯ ಸುಳ್ಳಲ್ಲ, ಆದರೆ ನೆಲಕ್ಕೆ ಬಿಡದೆ ಎತ್ತಿಕೊಂಡು ನಾಯಿಗಳನ್ನು ದೂರದಿಂದ ತೋರಿಸಲು ಏನಡ್ಡಿ? ಇನ್ನು ಹೊಣೆಯ ವಿಷಯ. ನಾಯಿ ಯಾರದೋ ಹೊಣೆ ಅವರದೇ, ಅದರಲ್ಲಿ ರಿಯಾಯಿತಿ ಬೇಡ. ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ, ತನ್ನ ಪ್ರಾಣಿಯಿಂದ ಅಪಾಯವಾಗದಂತೆ ನೋಡಿಕೊಳ್ಳದವನಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೇ ಐದು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಒಮ್ಮೆ ಕಚ್ಚಿದ ನಾಯಿಗೆ ಹೊರಗೆ ಬಾಯಿಕುಕ್ಕೆ ಬೇಕೇ ಬೇಕು. ಬಟ್ಟೆಯಿಂದ ಬಾಯಿ ಬಿಗಿಯುವಂಥದ್ದಲ್ಲ, ತೇಕಲು, ನೀರು ಕುಡಿಯಲು ಬರುವ ಬುಟ್ಟಿಯಂಥದ್ದು. ಮನೆಯಲ್ಲಿ ಅದರೊಳಗೆ ತಿನಿಸು ಹಾಕಿ ವಾರಗಟ್ಟಲೆ ರೂಢಿ ಮಾಡಿಸಿದ ಮೇಲೆ.

ಹಿರಿಯರು: ಕುಕ್ಕೆ ನಮಗೆ ಹೊಸದಲ್ಲ, ರಾಶಿ ಮಾಡುವಾಗ ಎತ್ತಿಗೆ ಹಾಕುತ್ತಿದ್ದೆವು. ಆದರೆ ಇಲ್ಲಿ ಹಾಕಿಸಿ ಎಂದರೆ ‘ನಮ್ಮ ಮಗುವಿಗೆ ಅವಮಾನ’ ಎಂದು ಜಗಳಕ್ಕೆ ಬರುತ್ತಾರೆ. ಅದಿರಲಿ, ಕಮಿಟಿಯ ಮಾತಿಗೆ ನೀನಿನ್ನೂ ಉತ್ತರ ಕೊಡಲಿಲ್ಲ.

ಕಿರಿಯಳು: ಉತ್ತರ ಅಲ್ಲೇ ಇದೆ. ಹಗ್ಗ, ಕುಕ್ಕೆ, ಲಸಿಕೆ, ತರಬೇತಿ, ವೈದ್ಯರು ಇವೆಲ್ಲ ಒಬ್ಬರ ಕೈಯಲ್ಲಿರುವ ಸಂಗತಿ. ದೂರ ಹಾಗಲ್ಲ. ಓಣಿ ಒಂದೇ, ಲಿಫ್ಟ್ ಒಂದೇ. ನಾನೊಬ್ಬಳೇ ಎಷ್ಟು ಹುಷಾರಾಗಿದ್ದರೂ ನೀವು ಫೋನು ನೋಡುತ್ತಾ ತಿರುವಿನಲ್ಲಿ ಬಂದರೆ ನನ್ನ ದೂರ ಹೋಯಿತು. ಹಂಚಿಕೊಂಡ ವಸ್ತುವಿಗೆ ಹಂಚಿಕೊಂಡ ಕಟ್ಟಳೆ ಬೇಕಾಗುತ್ತದೆ, ನೀರಿಗೆ ಪಾಳಿ ಹಚ್ಚಿದ ಹಾಗೆ. ಇದರಿಂದ ಲಾಭ ನಾಯಿಯವರಿಗಷ್ಟೇ ಅಲ್ಲ. ರಾತ್ರಿ ಹತ್ತಕ್ಕೆ ಬೊಗಳಾಟದಿಂದ ಎಚ್ಚರಗೊಳ್ಳುವವರು ನಾಯಿಯಿಲ್ಲದವರೇ, ಎಗರಿದ ನಾಯಿ ಹಗ್ಗ ತಪ್ಪಿಸಿಕೊಂಡರೆ ಎದುರು ಸಿಗುವವರೂ ಅವರೇ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಸಾಕುನಾಯಿಗೆ ಲಿಫ್ಟ್ ನಿಷೇಧಿಸುವಂತಿಲ್ಲ ಎನ್ನುತ್ತದೆ. ಉದ್ಯಾನದ ವಿಷಯದಲ್ಲಿ ಎಲ್ಲರೂ ಒಪ್ಪಿದ ವೇಳೆ ಗೊತ್ತುಮಾಡಿಕೊಳ್ಳಬಹುದು ಎಂದೂ ಹೇಳುತ್ತದೆ. ಅಷ್ಟು ಅವಕಾಶ ಸಾಕು. ಕಷ್ಟದ ನಾಯಿಗಳಿಗೆ ಒಂದು ಹೊತ್ತು, ಊಟದ ತಾಣಕ್ಕೆ ಒಂದು ಮೂಲೆ, ಪಾರ್ಕಿಂಗಿನ ಕುರುಡು ತಿರುವಿಗೆ ಒಂದು ಕನ್ನಡಿ, ಲಿಫ್ಟಿಗೆ ಒಂದು ಶಿಸ್ತು.

ಹಿರಿಯರು: ಲಿಫ್ಟಿನ ಶಿಸ್ತು ಏನದು?

ಕಿರಿಯಳು: ಬಾಗಿಲು ತೆರೆದಾಗ ಒಳಗೆ ಒಂದು ನಾಯಿ, ಹೊರಗೆ ಒಂದು ನಾಯಿ. ಇಡೀ ಸೊಸೈಟಿಯಲ್ಲಿ ಅತಿ ಕಡಿಮೆ ದೂರ ಅಲ್ಲೇ, ಎರಡಕ್ಕೂ ಮುನ್ಸೂಚನೆ ಇಲ್ಲ. ಹೊರಗಿನವರು ಬಾಗಿಲಿನ ಎದುರು ನಿಲ್ಲದೆ ಗೋಡೆಯ ಪಕ್ಕಕ್ಕೆ ಸರಿದು ನಿಲ್ಲಬೇಕು, ಒಳಗೆ ನಾಯಿ ಇದ್ದರೆ ಮುಂದಿನ ಲಿಫ್ಟಿಗೆ ಕಾಯಬೇಕು. ಒಂದು ಲಿಫ್ಟಿನಲ್ಲಿ ಒಂದೇ ಮನೆಯ ನಾಯಿ.

ಹಿರಿಯರು: ಕಮಿಟಿಯಲ್ಲಿ ಮೊದಲ ಪ್ರಶ್ನೆಯೇ ಇದು ಬರುತ್ತದೆ: ಯಾವಾಗಲೂ ಹೊರಗಿನವರೇ ಏಕೆ ಕಾಯಬೇಕು? ಒಳಗಿನವರು ಇಳಿದು ಮೆಟ್ಟಿಲು ಹತ್ತಲಿ.

ಕಿರಿಯಳು: ಒಳಗಿನ ನಾಯಿಗೆ ಮೂರು ಕಡೆ ಗೋಡೆ, ನಾಲ್ಕನೇ ಕಡೆ ಇನ್ನೊಂದು ನಾಯಿ. ಇಳಿ ಎಂದರೆ ಅದು ಆ ನಾಯಿಯ ಮೂಗಿನ ಮುಂದೆಯೇ ಇಳಿಯಬೇಕು. ಹೊರಗಿನದಕ್ಕೆ ಹಿಂದೆ ಇಡೀ ಕಾರಿಡಾರ್ ಇದೆ. ಜಾಗ ಯಾರ ಬಳಿ ಇದೆಯೋ ಅವರು ಕೊಡಬೇಕು.

ಹಿರಿಯರು: ಹೂಂ. ಹಾಗಾದರೆ ನೋಟಿಸಿನ ಮೊದಲ ಸಾಲು ಲಿಫ್ಟಿನದೇ ಇರಲಿ, ಊಟದ ತಾಣ ಮುಂದಿನ ಮೀಟಿಂಗಿಗೆ. ಅದಕ್ಕೆ ದೊಡ್ಡ ಗಲಾಟೆಯೇ ಆಗುತ್ತದೆ. ಆ 2023ರ ನಿಯಮದ ಪ್ರತಿ ಕಳಿಸು, ಮತ್ತೆ ನೋಟಿಸನ್ನು ಮರಾಠಿಯಲ್ಲಿ ನೀನೇ ಬರೆದುಕೊಡಬೇಕು. ನನ್ನ ಮರಾಠಿ ಓದಿ ಸೆಕ್ರೆಟರಿ ನಗುತ್ತಾನೆ.